ಸಿಟಿ ಲೈಟ್ಸ್: ಕಾರಿನ ಬಾಗಿಲಿನಿಂದ ಹುಟ್ಟಿದ ಪ್ರೀತಿ

ಚಾಪ್ಲಿನ್‌ನ ಈ ಚಿತ್ರವನ್ನು ‘ಮೂಕಿ’ ಎಂದಷ್ಟೇ ಬರೆದರೆ ಅರ್ಧ ತಪ್ಪು. ತೆರೆಗೆ ಬಂದದ್ದು 1931ರ ಜನವರಿಯಲ್ಲಿ. ಅಷ್ಟರಲ್ಲಿ ಅಮೆರಿಕದಲ್ಲಿ ಟಾಕಿಗಳದ್ದೇ ಕಾರುಬಾರು. (ನಮ್ಮ ಮೊದಲ ಟಾಕಿ ‘ಆಲಂ ಆರಾ’ ಕೂಡ ಅದೇ ವರ್ಷದ್ದು.) ಪಾತ್ರಗಳಿಗೆ ಮಾತಿಲ್ಲ, ಆದರೆ ಫಿಲ್ಮಿನ ಜೊತೆಗೇ ಸಂಗೀತವೂ ಸದ್ದೂ ಇವೆ. ಮೊದಲ ದೃಶ್ಯದಲ್ಲಿ ಗಣ್ಯರ ಭಾಷಣ ಬರೀ ಪೀಪಿಯ ಕೀಚಲು. ಪರದೆ ಸರಿದರೆ, ‘ಶಾಂತಿ ಮತ್ತು ಸಮೃದ್ಧಿ’ ಎಂಬ ಪ್ರತಿಮೆಯ ಮಡಿಲಲ್ಲಿ ಮನೆಯಿಲ್ಲದ ಅಲೆಮಾರಿ (ಚಾಪ್ಲಿನ್‌ನದೇ ಪಾತ್ರ) ಮಲಗಿದ್ದಾನೆ.

ಹೆಚ್ಚು ಹೊತ್ತು ಕೂತು ನೋಡಬೇಕಾದದ್ದು ಹೂ ಮಾರುವ ಹುಡುಗಿಯ ಮೊದಲ ಭೇಟಿ. ಹರಕು ಬಟ್ಟೆಯವನನ್ನು ಕುರುಡಿಯೊಬ್ಬಳು ಸಾಹುಕಾರ ಎಂದುಕೊಳ್ಳಬೇಕು, ಅದೂ ಮಾತಿಲ್ಲದೆ. ಪೊಲೀಸನನ್ನು ತಪ್ಪಿಸಲು ಅಲೆಮಾರಿ, ಬೀದಿಯಲ್ಲಿ ನಿಂತಿದ್ದ ದೊಡ್ಡ ಕಾರಿನ ಒಂದು ಬಾಗಿಲಿಂದ ಹೊಕ್ಕು ಇನ್ನೊಂದರಿಂದ ಇಳಿಯುತ್ತಾನೆ. ಬಾಗಿಲು ಮುಚ್ಚಿದ್ದನ್ನು ನಾವು ನೋಡುತ್ತೇವೆ, ಅವಳು ಕೇಳುತ್ತಾಳೆ. ಅವನು ಹೂ ಕೊಂಡು ನಾಣ್ಯ ಕೊಡುತ್ತಾನೆ. ಚಿಲ್ಲರೆ ಕೊಡುವಷ್ಟರಲ್ಲಿ ಕಾರಿನ ನಿಜವಾದ ಒಡೆಯ ಬಂದು ಹತ್ತಿ ಹೊರಟುಬಿಡುತ್ತಾನೆ. ಚಿಲ್ಲರೆಯನ್ನೂ ಕೇಳದೆ ಹೋದ ದೊರೆ ಎಂದು ಅವಳ ಲೆಕ್ಕ. ಅಲೆಮಾರಿ ಉಸಿರೆತ್ತದೆ, ತುದಿಗಾಲಲ್ಲಿ ಸರಿಯುತ್ತಾನೆ. ಎರಡನೆಯ ಸಲ ಬಾಗಿಲು ಮುಚ್ಚದಿದ್ದರೆ ಅವಳ ಭ್ರಮೆ ಗಟ್ಟಿಯಾಗುತ್ತಿರಲಿಲ್ಲ. ಈ ದೃಶ್ಯಕ್ಕೆ 342 ಟೇಕ್ ಆದವೆಂದು ಹೇಳುತ್ತಾರೆ. ನಡುವೆ ಹುಡುಗಿಯ ಪಾತ್ರದ ನಟಿ ವರ್ಜಿನಿಯಾ ಚೆರಿಲ್ ಅವರನ್ನು ತೆಗೆದುಹಾಕಿ ಮತ್ತೆ ಕರೆಸಿಕೊಂಡದ್ದೂ ಉಂಟು.

ಕುಡುಕ ಲಕ್ಷಾಧೀಶನ ಭಾಗವನ್ನು ಬರೀ ನಗೆಯ ತುಂಡು ಎಂದು ಬದಿಗಿಡಬೇಡಿ. ಅಮಲಿನಲ್ಲಿ ಅಲೆಮಾರಿ ಅವನಿಗೆ ಜೀವದ ಗೆಳೆಯ. ಅಮಲಿಳಿದರೆ ಗುರುತೇ ಇಲ್ಲ, ಹೊರಗೆ ದಬ್ಬಿಸುತ್ತಾನೆ. ಹುಡುಗಿ ಕಾಣದೆ ಹತ್ತಿರವಾದವಳು, ಲಕ್ಷಾಧೀಶ ಅಮಲಿಳಿದು ಕಂಡರೆ ದೂರವಾಗುವವನು. ಅವನ ರೋಲ್ಸ್ ರಾಯ್ಸ್ ಓಡಿಸುತ್ತಲೇ ಅಲೆಮಾರಿ ಬೀದಿಯಲ್ಲಿ ಬಿದ್ದ ಚುಟ್ಟದ ತುಂಡಿಗಾಗಿ ಇನ್ನೊಬ್ಬ ಬಡವನ ಜೊತೆ ಕಿತ್ತಾಡುತ್ತಾನೆ. ಇಡೀ ಚಿತ್ರದಲ್ಲಿ ಅತಿ ಚೂಪಾದ ಹಾಸ್ಯ ಇದೇ ಅನ್ನಿಸುತ್ತದೆ.

ದುಡ್ಡಿನ ಅಂಕಿಗಳನ್ನೂ ಗುರುತು ಮಾಡಿಕೊಳ್ಳಿ. ಹುಡುಗಿಯ ಬಾಡಿಗೆ ಬಾಕಿ 22 ಡಾಲರ್. ಅವಳಿಗಾಗಿ ಅಲೆಮಾರಿ ಬೀದಿ ಗುಡಿಸುತ್ತಾನೆ, ಬಾಕ್ಸಿಂಗ್‌ನಲ್ಲಿ ಹೊಡೆತ ತಿನ್ನುತ್ತಾನೆ. ಲಕ್ಷಾಧೀಶನೋ, ಕುಡಿದ ಗುಂಗಿನಲ್ಲಿ 1000 ಡಾಲರ್ ಎಣಿಸಿ ಕೊಡುತ್ತಾನೆ. ಮನೆಗೆ ನುಗ್ಗಿದ ಕಳ್ಳರ ಹೊಡೆತಕ್ಕೆ ಅದನ್ನು ಮರೆತರೆ ಅದೇ ಕಳ್ಳತನ, ಅಲೆಮಾರಿಗೆ ಜೈಲು.

‘ಕೊನೆಗೆ ಇಬ್ಬರೂ ಒಂದಾದರು’ ಎಂದು ಬರೆಯುವುದು ಸಾಮಾನ್ಯ ತಪ್ಪು. ಆ ದುಡ್ಡಿನ ಚಿಕಿತ್ಸೆಯಿಂದ ಕಣ್ಣು ಬಂದವಳು ಈಗ ಹೂವಿನ ಅಂಗಡಿಯ ಒಡತಿ. ಜೈಲಿನಿಂದ ಬಂದ ಚಿಂದಿಯವನನ್ನು ಕಂಡು ನಗುತ್ತಾಳೆ, ಕನಿಕರಪಟ್ಟು ಹೂವನ್ನೂ ನಾಣ್ಯವನ್ನೂ ನೀಡುತ್ತಾಳೆ. ಮೊದಲು ಅವನು ಕೊಟ್ಟಿದ್ದ, ಈಗ ಕೊಡುವ ಕೈ ಅವಳದು. ನಾಣ್ಯ ಇಡಲು ಹಿಡಿದ ಕೈಯ ಸ್ಪರ್ಶದಿಂದಲೇ ಗುರುತು ಸಿಗುತ್ತದೆ. ‘ನೀನಾ?’ ‘ಈಗ ಕಾಣುತ್ತಾ?’ ‘ಹೂಂ, ಈಗ ಕಾಣುತ್ತೆ.’ ಹೂ ಹಿಡಿದು ಅಳುಕುತ್ತಾ ನಗುವ ಅವನ ಮುಖದ ಮೇಲೆ ತೆರೆ ಕಪ್ಪಾಗುತ್ತದೆ. ಅವಳು ಮುಂದೇನು ಮಾಡಿದಳೆಂದು ಚಿತ್ರ ಹೇಳುವುದಿಲ್ಲ.