ವೇದಿಕೆ ಹತ್ತಿದವಳ ದೂರು: ಅನಾರ್ಕಲಿಗೂ ಹಿಂದಿನ ಕಥೆ

2017ರ ಮಾರ್ಚ್‌ನಲ್ಲಿ ತೆರೆಕಂಡ ‘ಅನಾರ್ಕಲಿ ಆಫ್ ಆರಾ’ ಅಬ್ಬರದ ಸಿನಿಮಾ ಅಲ್ಲ. ಪತ್ರಕರ್ತರಾಗಿದ್ದ ಅವಿನಾಶ್ ದಾಸ್ ನಿರ್ದೇಶಿಸಿದ ಮೊದಲ ಚಿತ್ರ. ಬಿಹಾರದ ಆರಾ ಊರಲ್ಲಿ ಆರ್ಕೆಸ್ಟ್ರಾ ತಂಡದ ಜೊತೆ ಹಾಡಿ ಕುಣಿಯುವವಳು ಅನಾರ್ಕಲಿ. ಪಾತ್ರ ಮಾಡಿದ್ದು ಸ್ವರಾ ಭಾಸ್ಕರ್. ಒಂದು ರಾತ್ರಿ, ತುಂಬಿದ ಸಭೆಯೆದುರು, ಕುಡಿದ ಕುಲಪತಿ ವೇದಿಕೆ ಹತ್ತಿ ಅವಳ ಮೈಮೇಲೆ ಕೈಹಾಕುತ್ತಾನೆ. ಅವಳು ಕೆನ್ನೆಗೆ ಬಾರಿಸುತ್ತಾಳೆ. ರಾಜಿ ಮಾಡಿಕೋ ಅನ್ನುವವರು ಸಾಲುಗಟ್ಟಿ ಬರುತ್ತಾರೆ. ಅವಳು ಒಪ್ಪುವುದಿಲ್ಲ. ಮುಂದೆ ಅವಳ ಮೇಲೇ ಕೇಸು ಬೀಳುತ್ತದೆ.

ಈ ಸಿನಿಮಾ ನೋಡಿದವರು ‘ಸಮ್ಮತಿ’ ಅಂತ ಒಂದೇ ಮಾತು ಹೇಳಿ ಮುಗಿಸಿಬಿಡುತ್ತಾರೆ. ಆದರೆ ಅನಾರ್ಕಲಿಯ ತಕರಾರು ಅಷ್ಟು ಸರಳವಲ್ಲ. ದ್ವಂದ್ವಾರ್ಥದ ಹಾಡು ಹೇಳಿ ಹೊಟ್ಟೆ ಹೊರೆಯುವವಳು ‘ನನ್ನನ್ನು ಮುಟ್ಟಿದರು’ ಅಂತ ಠಾಣೆಗೆ ಹೋದರೆ ಬರೆದುಕೊಳ್ಳುವವರು ಯಾರು? ಈ ಪ್ರಶ್ನೆಗೆ ನೂರು ವರ್ಷಕ್ಕಿಂತ ಜಾಸ್ತಿ ವಯಸ್ಸಾಗಿದೆ.

ಹಿಂದಿನದನ್ನು ಬೇಗ ಹೇಳಿಬಿಡೋಣ. 1890ರ ದಶಕದಲ್ಲಿ ಮದರಾಸಿನಲ್ಲಿ ನಾಚ್ ವಿರೋಧಿ ಚಳವಳಿ, ಅಂದರೆ ಕಸುಬಿನ ನರ್ತಕಿಯರ ಕುಣಿತ ನಿಲ್ಲಿಸಬೇಕು ಅನ್ನುವ ಚಳವಳಿ ಬಂತು. 1909ರಲ್ಲಿ ಮೈಸೂರು ಸರ್ಕಾರ ದೇವಸ್ಥಾನಗಳಲ್ಲಿ ದೇವದಾಸಿ ಸೇವೆ ನಿಲ್ಲಿಸಿತು. 1940ರ ದಶಕದ ಕೊನೆಗೆ ಆಕಾಶವಾಣಿಯೂ ಗಾಯಕಿಯರ ಕಂಠಕ್ಕಿಂತ ಅವರ ಖಾಸಗಿ ಬದುಕಿನ ಬಗ್ಗೆ ತಲೆಕೆಡಿಸಿಕೊಂಡಿತು. ಸುಧಾರಕರ ಉದ್ದೇಶ ಒಳ್ಳೆಯದೇ ಇತ್ತು, ಅನುಮಾನ ಬೇಡ. ಆದರೆ ಕಸುಬು ಕಳೆದುಕೊಂಡವರು ಮುಂದೇನು ತಿನ್ನಬೇಕು ಅನ್ನುವ ವಿಚಾರ ಯಾರ ಕಡತದಲ್ಲೂ ಮೇಲೆ ಬರಲಿಲ್ಲ. 1902ರಲ್ಲೇ ಗ್ರಾಮಫೋನಿಗೆ ಹಾಡಿ ದೇಶಕ್ಕೆಲ್ಲ ಹೆಸರಾದ ಗೌಹರ್ ಜಾನ್ ಕೊನೆಗಾಲಕ್ಕೆ ಮೈಸೂರು ಅರಮನೆಯ ಆಶ್ರಯಕ್ಕೆ ಬಂದರು. 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು.

ಅತ್ತ ಆರಾ ಇರುವ ಭೋಜಪುರಿ ಸೀಮೆಯಲ್ಲಿ ಹೆಣ್ಣು ವೇಷ ಕಟ್ಟಿ ಕುಣಿಯುತ್ತಿದ್ದವರು ಗಂಡಸರೇ. ಅದು ಲೌಂಡಾ ನಾಚ್. ಭೋಜಪುರಿ ನಾಟಕಕಾರ ಭಿಖಾರಿ ಠಾಕೂರ್ ಅದೇ ಆಟದೊಳಗೆ ವಲಸೆ ಹೋದವರ ಹೆಂಡತಿಯರ ಗೋಳನ್ನು ತಂದರು. 1980ರ ದಶಕದಲ್ಲಿ ಅಗ್ಗದ ಕ್ಯಾಸೆಟ್ ಬಂತು, ಆಮೇಲೆ ಸಿಡಿ, ಆಮೇಲೆ ಮೊಬೈಲ್. ಪೋಲಿ ಹಾಡು ಮೊದಲೂ ಇತ್ತು. ಮದುವೆ ಮನೆಯಲ್ಲಿ ಹೆಂಗಸರು ಬೀಗರನ್ನು ಬಯ್ಯುತ್ತಾ ಹಾಡುವ ಹಾಡುಗಳಿಗೆ ಅಲ್ಲಿ ಹೆಸರೇ ‘ಗಾರಿ’, ಅಂದರೆ ಬೈಗುಳ. ಅದೇ ಹಾಡು ಅಂಗಳದಿಂದ ಮಾರುಕಟ್ಟೆಗೆ ಬಂದಾಗ ಬರೆಯುವವರು, ಮಾರುವವರು, ಕೇಳುವವರು ಹೆಚ್ಚಿನಂಶ ಗಂಡಸರಾದರು. ಕೆಟ್ಟ ಹೆಸರು ಮಾತ್ರ ಹಾಡಿದವಳ ಪಾಲಿಗೆ.

ಮದುವೆ ಸೀಸನ್ ಅಂದರೆ ಆರ್ಕೆಸ್ಟ್ರಾಗಳಿಗೆ ಸುಗ್ಗಿ. ನೋಟು ಎಸೆಯುವುದು, ಗಾಳಿಯಲ್ಲಿ ಗುಂಡು ಹಾರಿಸುವುದು ಮರ್ಯಾದೆಯ ಲಕ್ಷಣ. ಸಿನಿಮಾದ ಮೊದಲಲ್ಲೇ ಅನಾರ್ಕಲಿಯ ತಾಯಿ, ಅವಳೂ ಗಾಯಕಿ, ಮದುವೆ ಮನೆಯ ಗುಂಡಿಗೆ ಸಾಯುತ್ತಾಳೆ. ಕಟ್ಟುಕಥೆ ಅನ್ನಿಸಿದರೆ ನೆನಪಿಸಿಕೊಳ್ಳಿ: 2016ರ ಡಿಸೆಂಬರ್‌ನಲ್ಲಿ ಪಂಜಾಬಿನ ಬಠಿಂಡಾದಲ್ಲಿ ಮದುವೆಯೊಂದರ ವೇದಿಕೆ ಮೇಲೆ ಕುಣಿಯುತ್ತಿದ್ದ ಯುವತಿ ಹೀಗೇ ಸತ್ತಳು. ಸಂಭ್ರಮಕ್ಕೆ ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ ಅಂತ ಶಸ್ತ್ರಾಸ್ತ್ರ ಕಾನೂನಿಗೆ ಸೇರಿದ್ದು 2019ರಲ್ಲಿ.

ಇನ್ನು ಕೋರ್ಟಿನ ಕಥೆ. ಗೋಜಲು ಜಾಸ್ತಿ ಇರುವುದು ಇಲ್ಲೇ. 1872ರ ಸಾಕ್ಷ್ಯ ಕಾನೂನಿನಲ್ಲಿ ಒಂದು ಸಾಲಿತ್ತು. ಅತ್ಯಾಚಾರದ ಕೇಸಿನಲ್ಲಿ ದೂರು ಕೊಟ್ಟವಳ ನಡತೆ ಸರಿಯಿಲ್ಲ ಅಂತ ತೋರಿಸಿ ಅವಳ ಮಾತನ್ನು ಅಲ್ಲಗಳೆಯಲು ಆರೋಪಿಗೆ ಅವಕಾಶ ಕೊಡುವ ಸಾಲು. ಅದನ್ನು ತೆಗೆದುಹಾಕಿದ್ದು 2003ರಲ್ಲಿ. 131 ವರ್ಷ ಅದು ಅಲ್ಲೇ ಇತ್ತು!

ನಡುವೆ 1990ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಮಹಾರಾಷ್ಟ್ರದ ಒಂದು ಪ್ರಕರಣ ಬಂತು. ಒಬ್ಬ ಪೊಲೀಸ್ ಅಧಿಕಾರಿ ರಾತ್ರಿ ಒಬ್ಬ ಹೆಂಗಸಿನ ಮನೆಗೆ ನುಗ್ಗಿ ಬಲವಂತಕ್ಕೆ ಯತ್ನಿಸಿದ ಆರೋಪ. ಇಲಾಖೆ ಅವನನ್ನು ವಜಾ ಮಾಡಿತ್ತು. ಹೈಕೋರ್ಟ್ ಅದನ್ನು ರದ್ದು ಮಾಡಿತು: ಇಂಥ ನಡತೆಯವಳ ಮಾತು ನಂಬಿ ಅಧಿಕಾರಿಯ ನೌಕರಿ ಕಳೆಯುವುದು ಸರಿಯಲ್ಲ ಅನ್ನುವ ಧಾಟಿಯಲ್ಲಿ. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಅವಳು ಎಂಥವಳೇ ಆಗಿರಲಿ, ತನ್ನ ಖಾಸಗಿತನ ಕಾಪಾಡಿಕೊಳ್ಳುವ ಹಕ್ಕು ಅವಳಿಗಿದೆ, ಮನಸ್ಸು ಬಂದಾಗ ಯಾರೋ ನುಗ್ಗುವಂತಿಲ್ಲ ಅಂದಿತು. ಅನಾರ್ಕಲಿ ಕೊನೆಯಲ್ಲಿ ವೇದಿಕೆ ಮೇಲೆ ನಿಂತು ಹೇಳುವುದೂ ಹೆಚ್ಚುಕಮ್ಮಿ ಇದನ್ನೇ. ಅಂದರೆ ಅವಳು ಕೇಳಿದ್ದು ಹೊಸ ಹಕ್ಕೇನಲ್ಲ, ಅಲ್ವಾ? ಆರಾ ಠಾಣೆಗೆ ಆ ತೀರ್ಪು ತಲುಪಿರಲಿಲ್ಲ, ಅಷ್ಟೇ.

ಮುಂಬೈನ ಡಾನ್ಸ್ ಬಾರ್ ಜಗಳ ಇನ್ನೊಂದು ದಾರಿ ಹಿಡಿಯಿತು. 2005ರಲ್ಲಿ ಬಾರುಗಳಲ್ಲಿ ಕುಣಿಯುವುದಕ್ಕೆ ನಿಷೇಧ ಬಂತು, ಆದರೆ ತ್ರೀಸ್ಟಾರ್ ಮತ್ತು ಮೇಲಿನ ಹೋಟೆಲುಗಳಿಗೆ ವಿನಾಯಿತಿ. ಒಂದೇ ಕುಣಿತ ದುಬಾರಿ ಹೋಟೆಲಿನಲ್ಲಿ ಕಲೆ, ಬಾರಿನಲ್ಲಿ ಅಶ್ಲೀಲ! 2013ರಲ್ಲಿ ಸುಪ್ರೀಂ ಕೋರ್ಟ್ ಈ ಭೇದವನ್ನು ಒಪ್ಪಲಿಲ್ಲ. 2019ರಲ್ಲಿ ನೋಟು ಎರಚುವುದು ಬೇಡ, ಟಿಪ್ಸ್ ಕೊಡಬಹುದು ಅಂದಿತು.

2012ರ ದಿಲ್ಲಿ ಸಾಮೂಹಿಕ ಅತ್ಯಾಚಾರದ ನಂತರ 2013ರಲ್ಲಿ ಬಂದ ತಿದ್ದುಪಡಿ, ಹೆಣ್ಣಿನ ಮಾನಕ್ಕೆ ಧಕ್ಕೆ ತರಲು ಕೈಮಾಡುವುದರ ಬಗ್ಗೆ ಇದ್ದ ದಂಡ ಸಂಹಿತೆಯ 354ನೇ ಕಲಮಿಗೆ ಕನಿಷ್ಠ 1 ವರ್ಷ, ಗರಿಷ್ಠ 5 ವರ್ಷ ಶಿಕ್ಷೆ ತಂದಿತು. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 74ನೇ ಕಲಮು. 2013ರಲ್ಲೇ ಬಂದ ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆ ಕಾಯ್ದೆಯಲ್ಲಿ ಅಸಂಘಟಿತ ವಲಯವೂ ಸೇರಿದೆ. 10 ಜನರಿಗಿಂತ ಕಮ್ಮಿ ಇರುವ ತಂಡದವರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಕಾಗದದ ಮೇಲೆ ಎಲ್ಲ ಚೆನ್ನಾಗಿದೆ. ಆದರೆ ಬಾಯಿಮಾತಿನ ಒಪ್ಪಂದದ ಮೇಲೆ ರಾತ್ರಿ ಹಾಡಿ ಬೆಳಿಗ್ಗೆ ಮುಂದಿನ ಊರಿಗೆ ಹೋಗುವವಳು ಯಾವ ಜಿಲ್ಲೆಯ ಸಮಿತಿ ಹುಡುಕಬೇಕು? ದೂರು ಕೊಟ್ಟವಳನ್ನು ಮುಂದಿನ ಸೀಸನ್‌ಗೆ ಯಾರು ಕರೆಯುತ್ತಾರೆ?

ಜಿಲ್ಲೆ ಗಡಿಯ ತೊಡಕಿಗೆ ಝೀರೊ ಎಫ್‌ಐಆರ್ ಅಂತ ಒಂದು ಪರಿಹಾರ ಇದೆ. ಘಟನೆ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಬರೆಸಬಹುದು. 2024ರ ಜುಲೈ 1ರಿಂದ ಅದು ಕಾನೂನಿನಲ್ಲೇ ಇದೆ. ಸಿನಿಮಾದ ಅನಾರ್ಕಲಿ ಇಂದು ಆರಾ ಬಿಟ್ಟು ದಿಲ್ಲಿಗೆ ಓಡಿದ್ದರೆ ಅಲ್ಲಿನ ಠಾಣೆಯಲ್ಲೇ ದೂರು ಕೊಡಬಹುದಿತ್ತು. ದಿಲ್ಲಿ ಪೊಲೀಸರು ಅದನ್ನು ತನಿಖೆಗೆ ಕಳಿಸಬೇಕಾಗಿದ್ದು ಮಾತ್ರ ಆರಾ ಠಾಣೆಗೇ.