ಅಪ್ಪನ ಸಾಲಕ್ಕೆ ಮಕ್ಕಳು ಎಷ್ಟು ಹೊಣೆ?

ತಂದೆ ಉಳಿಸಿಹೋದ ಸಾಲವನ್ನು ಮಕ್ಕಳು ತೀರಿಸಬೇಕೇ ಎಂಬ ಪ್ರಶ್ನೆಗೆ ಇಂದಿನ ಕಾನೂನು ಕೊಡುವ ಉತ್ತರ ಚಿಕ್ಕದು: ತಂದೆಯಿಂದ ಬಂದ ಆಸ್ತಿಯ ಮಟ್ಟಿಗೆ ತೀರಿಸಬೇಕು, ಅದರಾಚೆಗೆ ತಮ್ಮ ದುಡಿಮೆಯಿಂದ ಒಂದು ರೂಪಾಯಿಯನ್ನೂ ಕೊಡಬೇಕಾಗಿಲ್ಲ. ಇಷ್ಟು ಸರಳವಾದ ಮಾತು ನಮ್ಮ ಊರುಗಳಲ್ಲಿ ಇನ್ನೂ ಗೊಂದಲವಾಗಿಯೇ ಉಳಿದಿರುವುದಕ್ಕೆ ಹಳೆಯ ಕಾರಣಗಳಿವೆ.

ಸಾಲ ಉಳಿಸಿ ಸತ್ತವನಿಗೆ ಸದ್ಗತಿಯಿಲ್ಲ, ಅವನನ್ನು ಬಿಡಿಸುವುದು ಮಗನ ಧರ್ಮ ಎಂಬುದು ಧರ್ಮಶಾಸ್ತ್ರಗಳ ನಂಬಿಕೆ. ಆದರೆ ಶಾಸ್ತ್ರಕಾರರು ಅದಕ್ಕೆ ಮಿತಿಯನ್ನೂ ಹಾಕಿದ್ದರು. ಸ್ಮೃತಿಕಾರ ಬೃಹಸ್ಪತಿಯ ಪ್ರಕಾರ ತಂದೆಯ ಸಾಲವನ್ನು ಮಗ ತನ್ನದೇ ಸಾಲವೆಂಬಂತೆ ತೀರಿಸಬೇಕು, ಅಜ್ಜನ ಸಾಲಕ್ಕೆ ಬಡ್ಡಿ ಕೊಡಬೇಕಾಗಿಲ್ಲ, ಮರಿಮಗನಿಗೆ ಹೊಣೆಯೇ ಇಲ್ಲ. ಕುಡಿತ, ಜೂಜು, ಕಾಮಕ್ಕಾಗಿ ಮಾಡಿದ ಸಾಲವನ್ನೂ ಕಟ್ಟದೆ ಉಳಿಸಿದ ದಂಡವನ್ನೂ ಮಗ ತೀರಿಸಬೇಕಾಗಿಲ್ಲ ಎನ್ನುತ್ತದೆ ಯಾಜ್ಞವಲ್ಕ್ಯ ಸ್ಮೃತಿ. ಕಲ್ಯಾಣದ ಚಾಲುಕ್ಯ ಅರಸ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿದ್ದ ವಿಜ್ಞಾನೇಶ್ವರ ಈ ಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನವೇ ಮುಂದೆ ದೇಶದ ಬಹುಭಾಗದ ಹಿಂದೂ ಕಾನೂನಿಗೆ ಆಧಾರವಾಯಿತು.

ತೊಡಕು ಹೆಚ್ಚಿದ್ದು ಬ್ರಿಟಿಷರ ನ್ಯಾಯಾಲಯಗಳಲ್ಲಿ. ಮಗನ ಧರ್ಮವಾಗಿದ್ದುದು ಅಲ್ಲಿ ಸಾಲ ಕೊಟ್ಟವನ ಹಕ್ಕಾಯಿತು. ತಂದೆಯ ಸಾಲಕ್ಕಾಗಿ ಪಿತ್ರಾರ್ಜಿತ ಆಸ್ತಿ ಮಾರಾಟವಾದರೆ, ಆ ಸಾಲ ದುರ್ವ್ಯಸನದ್ದೆಂದು ತೋರಿಸದ ಹೊರತು ಮಗ ತನ್ನ ಪಾಲನ್ನು ಮರಳಿ ಕೇಳುವಂತಿಲ್ಲ ಎಂದು 1874ರಲ್ಲಿ, ಆಗ ಕೊನೆಯ ಮೇಲ್ಮನವಿ ಕೇಳುತ್ತಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ ತೀರ್ಪು ಕೊಟ್ಟಿತು. ತಾನು ತೊಟ್ಟಿಲಲ್ಲಿದ್ದಾಗ ಅಪ್ಪ ತಂದ ಹಣ ಎಲ್ಲಿ ಖರ್ಚಾಯಿತೆಂಬುದಕ್ಕೆ ಮಗ ಎಲ್ಲಿಂದ ಸಾಕ್ಷಿ ತರಬೇಕು? ಧಾರವಾಡ, ಬೆಳಗಾವಿಗಳು ಸೇರಿದ್ದ ಮುಂಬೈ ಪ್ರಾಂತ್ಯದಲ್ಲಿ 1866ರ ಕಾಯ್ದೆಯೊಂದು ವಾರಸುದಾರನ ಹೊಣೆಯನ್ನು ಅವನ ಕೈಗೆ ಬಂದ ಆಸ್ತಿಗಷ್ಟೇ ಸೀಮಿತಗೊಳಿಸಿತ್ತು, ನಿಜ. ಆದರೆ ಅಂಥವನ ಕೈಯಲ್ಲಿದ್ದುದೆಂದರೆ ಆ ಜಮೀನು ಒಂದೇ.

ಜಮೀನೂ ಇಲ್ಲದವರು ಮೈಯನ್ನೇ ಒತ್ತೆಯಿಡಬೇಕಾಯಿತು. ಮದುವೆಗೆಂದು ಅಪ್ಪ ತಂದ ಹಣಕ್ಕೆ ಮಗ ಒಡೆಯನ ಮನೆಯಲ್ಲಿ ಜೀತಕ್ಕೆ ನಿಲ್ಲುತ್ತಿದ್ದ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯು ಅಂಥ ಸಾಲಗಳನ್ನು ತೊಡೆದುಹಾಕಿತಲ್ಲದೆ, ಉತ್ತರಾಧಿಕಾರವಾಗಿ ಬಂದ ಹೊಣೆಗೆ ದುಡಿಸಿಕೊಳ್ಳುವುದನ್ನೂ ಜೀತದ ವ್ಯಾಖ್ಯೆಯೊಳಗೆ ತಂದಿತು.

ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟದ್ದಕ್ಕೆ ಹೆಸರಾಯಿತು. ಅದೇ 6ನೇ ಕಲಮಿನ ಇನ್ನೊಂದು ಉಪಕಲಮಿಗೆ ಸಿಗಬೇಕಾದಷ್ಟು ಪ್ರಚಾರ ಸಿಗಲಿಲ್ಲ. ಧರ್ಮದ ಹೊಣೆಯೆಂಬ ಒಂದೇ ಕಾರಣಕ್ಕೆ ಮಗ, ಮೊಮ್ಮಗ, ಮರಿಮಗನಿಂದ ಸಾಲ ವಸೂಲು ಮಾಡುವ ಹಕ್ಕನ್ನು ಯಾವ ನ್ಯಾಯಾಲಯವೂ ಮಾನ್ಯ ಮಾಡಕೂಡದು ಎನ್ನುತ್ತದೆ ಅದು. 2005ರ ಸೆಪ್ಟೆಂಬರ್ 9ಕ್ಕೆ ಮುಂಚಿನ ಸಾಲಗಳಿಗೆ ಮಾತ್ರ ಇದು ಅನ್ವಯಿಸದು.

ಈಗ ಹೊಣೆಯನ್ನು ತರುವುದು ರುಜು. ಬೆಳೆಸಾಲವಿದ್ದ ರೈತ ತೀರಿಕೊಂಡ ಮೇಲೆ ಮಗ ಪೌತಿ ಖಾತೆ ಮಾಡಿಸಿ ಜಮೀನನ್ನು ತನ್ನ ಹೆಸರಿಗೆ ವರ್ಗಾಯಿಸಿಕೊಂಡರೂ ಪಹಣಿಯ 11ನೇ ಕಾಲಮಿನಲ್ಲಿ ಋಣ ಹಾಗೆಯೇ ಇರುತ್ತದೆ; ಮುಂದಿನ ಬಿತ್ತನೆಗೆ ಹಣ ಬೇಕಾದಾಗ ಹಳೆಯ ಸಾಲವನ್ನು ತನ್ನ ಹೆಸರಿಗೆ ನವೀಕರಿಸಿಕೊಳ್ಳುತ್ತಾನೆ. ಆ ಕಾಗದಕ್ಕೆ ರುಜು ಹಾಕಿದ ಮೇಲೆ ಅದು ಅವನದೇ ಸಾಲ. ಜಾಮೀನು ಹಾಕಿದ್ದ ಮಗನಿಗೂ, ಸಹ ಸಾಲಗಾರಳಾದ ಮಗಳಿಗೂ 2005ರ ರಕ್ಷಣೆ ಒದಗುವುದಿಲ್ಲ. ಕಿರುಸಾಲ ಪಡೆದವರನ್ನೂ ಅವರ ಮನೆಯವರನ್ನೂ ವಸೂಲಿಯ ಹೆಸರಿನಲ್ಲಿ ಕಾಡುವುದನ್ನು ತಡೆಯಲು ರಾಜ್ಯ ಸರ್ಕಾರ 2025ರಲ್ಲಿ, 10 ವರ್ಷಗಳವರೆಗೆ ಸೆರೆವಾಸ ವಿಧಿಸಬಲ್ಲ ಕಾನೂನು ತಂದಿತು. ಆದರೆ ಶೋಕದ ಮನೆಯ ಮಗನಿಗೆ, ರುಜು ಹಾಕುವ ಮುನ್ನ, ಅವನ ಹೊಣೆ ಎಲ್ಲಿಯವರೆಗೆ ಎಂದು ತಿಳಿಸುವ ಕೆಲಸವನ್ನು ಇಲ್ಲಿ ಹೇಳಿದ ಕಾಯ್ದೆಗಳಲ್ಲಿ ಯಾವುದೂ ಯಾರಿಗೂ ವಹಿಸಿಲ್ಲ.