ಭೂಮಿಯನ್ನು ಮೊದಲು ಸುತ್ತಿದ್ದು ಮೆಗಲನ್ ಅಲ್ಲವಾದರೆ ಮತ್ಯಾರು?

ಓದುಗರ ಪ್ರಶ್ನೆ: “ಹಡಗಿನಲ್ಲಿ ಭೂಮಿ ಸುತ್ತಿದ ಮೊದಲಿಗ ಮೆಗಲನ್ ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆವು. ಅವನು ಅರ್ಧ ದಾರಿಯಲ್ಲೇ ಸತ್ತ ಅಂತಾರಲ್ಲ, ಹಾಗಾದರೆ ನಿಜವಾಗಿ ಸುತ್ತಿದ್ದು ಯಾರು?”

ಸತ್ತಿದ್ದು ನಿಜ. 1521ರ ಏಪ್ರಿಲ್ 27ರಂದು, ಈಗಿನ ಫಿಲಿಪ್ಪೀನ್ಸಿನ ಮಕ್ತಾನ್ ದ್ವೀಪದ ದಂಡೆಯಲ್ಲಿ. ಹಡಗನ್ನು ಸ್ಪೇನಿಗೆ ವಾಪಸ್ ತಂದವನು ಹುವಾನ್ ಸೆಬಾಸ್ಟಿಯನ್ ಎಲ್ಕಾನೊ ಅನ್ನುವ ಬಾಸ್ಕ್ ಸೀಮೆಯ ನಾವಿಕ. ಕ್ವಿಜ್‌ಗೆ ಇಷ್ಟು ಸಾಕು. ಆದರೆ ಇದರ ಹಿಂದೆ ಇನ್ನೊಂದು ಪ್ರಶ್ನೆ ಇದೆ, ಅದನ್ನು ಯಾರೂ ಕೇಳುವುದಿಲ್ಲ: ಮೆಗಲನ್ ಭೂಮಿ ಸುತ್ತೋಣ ಅಂತ ಹೊರಟಿದ್ದನಾ? ಇಲ್ಲವೇ ಇಲ್ಲ. ಅವನ ತಲೆ ತುಂಬ ಇದ್ದದ್ದು ಲವಂಗ.

ಆ ಕಾಲಕ್ಕೆ ಲವಂಗ ಬೆಳೆಯುತ್ತಿದ್ದದ್ದು ಈಗಿನ ಇಂಡೋನೇಷ್ಯಾದ ಮಲುಕ್ಕು ದ್ವೀಪಗಳಲ್ಲಿ ಮಾತ್ರ. 1494ರ ಟೋರ್ಡೆಸಿಲ್ಲಾಸ್ ಒಪ್ಪಂದದಲ್ಲಿ ಪೋರ್ಚುಗಲ್ ಮತ್ತು ಸ್ಪೇನ್ ಜಗತ್ತನ್ನೇ ಪಾಲು ಮಾಡಿಕೊಂಡಿದ್ದವು (ಬೇರೆಯವರನ್ನು ಒಂದು ಮಾತೂ ಕೇಳದೆ). ಆಫ್ರಿಕಾ ಬಳಸಿ ಪೂರ್ವಕ್ಕೆ ಬರುವ ದಾರಿ ಪೋರ್ಚುಗಲ್ ಪಾಲಾಯಿತು. ಮೆಗಲನ್ ಹುಟ್ಟಿದ್ದೂ ಪೋರ್ಚುಗಲ್‌ನಲ್ಲೇ. 1505ರಲ್ಲಿ ಫ್ರಾನ್ಸಿಸ್ಕೊ ಡಿ ಅಲ್ಮೇಡಾನ ಹಡಗುಪಡೆ ಸೇರಿ ಪೂರ್ವಕ್ಕೆ ಬಂದಿದ್ದ. ಅದೇ ಪಡೆ ಕಾರವಾರದ ಎದುರಿನ ಅಂಜದೀವ ದ್ವೀಪದಲ್ಲಿ ಕೋಟೆ ಕಟ್ಟಿ, ಹೊನ್ನಾವರದ ಮೇಲೂ ದಾಳಿ ಮಾಡಿತ್ತು. 1511ರಲ್ಲಿ ಮಲಕ್ಕಾ ಗೆದ್ದವರ ಗುಂಪಿನಲ್ಲೂ ಮೆಗಲನ್ ಇದ್ದ. ಆಮೇಲೆ ಮೊರಾಕೊ ಯುದ್ಧದಲ್ಲಿ ಪೆಟ್ಟು ತಿಂದು ಕುಂಟಾದ. ರಾಜ ಮ್ಯಾನುಯೆಲ್ ಹತ್ತಿರ ಸಂಬಳ ಜಾಸ್ತಿ ಕೇಳಿದರೆ ಸಿಗಲಿಲ್ಲ, ಹಡಗು ಕೇಳಿದರೆ ಅದೂ ಸಿಗಲಿಲ್ಲ. 1517ರಲ್ಲಿ ಸ್ಪೇನಿಗೆ ಹೋಗಿ ಅಲ್ಲಿನ ಹದಿಹರೆಯದ ರಾಜ ಚಾರ್ಲ್ಸ್ ಮುಂದೆ ತನ್ನ ಲೆಕ್ಕಾಚಾರ ಇಟ್ಟ. ಪಶ್ಚಿಮದ ಕಡೆಯಿಂದ ಮಲುಕ್ಕು ಮುಟ್ಟಿ ತೋರಿಸುತ್ತೇನೆ, ಅವು ನಿಮ್ಮ ಪಾಲಿಗೇ ಬರುತ್ತವೆ ಅಂದ. ಹೋದ ದಾರಿಯಲ್ಲೇ ಹಿಂದೆ ಬರುವುದು ಅಂದಾಜು. ಪೋರ್ಚುಗಲ್‌ನ ಪಾಲಿಗೆ ಕಾಲಿಡಬೇಡ ಅಂತ ರಾಜನ ಅಪ್ಪಣೆಯೂ ಇತ್ತು.

1519ರ ಸೆಪ್ಟೆಂಬರ್‌ನಲ್ಲಿ ಐದು ಹಡಗು, ಸುಮಾರು 240 ಜನ ಹೊರಟರು. ದಕ್ಷಿಣ ಅಮೆರಿಕದ ಸಾನ್ ಹುಲಿಯನ್ ಕೊಲ್ಲಿಯಲ್ಲಿ ಚಳಿಗಾಲ ಕಳೆಯುವಾಗ ಸ್ಪ್ಯಾನಿಷ್ ಕ್ಯಾಪ್ಟನ್‌ಗಳು ದಂಗೆ ಎದ್ದರು. ಮೆಗಲನ್ ಕರುಣೆ ತೋರಿಸಲಿಲ್ಲ. ಕೆಲವರ ತಲೆ ಹೋಯಿತು, ಒಬ್ಬ ಕ್ಯಾಪ್ಟನ್‌ನನ್ನೂ ಒಬ್ಬ ಪಾದ್ರಿಯನ್ನೂ ಆ ನಿರ್ಜನ ದಂಡೆಯಲ್ಲೇ ಬಿಟ್ಟು ಹೊರಟರು. ಎಲ್ಕಾನೊ ಕೂಡ ಆ ದಂಗೆಯಲ್ಲಿದ್ದ, ಆದರೆ ಬಚಾವಾದ. ಎಲ್ಲರನ್ನೂ ಕೊಂದರೆ ಹಡಗು ನಡೆಸುವವರು ಯಾರು, ಅಲ್ವಾ?

ಒಂದು ಹಡಗು ಒಡೆಯಿತು. ಇನ್ನೊಂದು, ಅದೂ ದೊಡ್ಡದು, ದಕ್ಷಿಣ ಅಮೆರಿಕದ ತುದಿಯಲ್ಲಿ ಪೆಸಿಫಿಕ್‌ಗೆ ದಾರಿ ಕೊಡುವ ಜಲಸಂಧಿಯ ನಡುವೆಯೇ ಕದ್ದು ಸ್ಪೇನಿಗೆ ಓಡಿಹೋಯಿತು. ಉಳಿದ ಮೂರು 1520ರ ನವೆಂಬರ್ 28ರಂದು ಪೆಸಿಫಿಕ್‌ಗೆ ಇಳಿದವು. ಈ ಸಾಗರ ಎಷ್ಟು ಅಗಲ ಅಂತ ಅವರಲ್ಲಿ ಯಾರಿಗೂ ಅಂದಾಜಿರಲಿಲ್ಲ. ಮೂರು ತಿಂಗಳ ಮೇಲೆ ತಾಜಾ ಊಟ ಇಲ್ಲ. ಜೊತೆಗಿದ್ದ ಇಟಲಿಯ ಆಂಟೋನಿಯೊ ಪಿಗಾಫೆಟ್ಟಾ ದಿನಚರಿ ಬರೆದಿಟ್ಟಿದ್ದಾನೆ. ಬಿಸ್ಕತ್ತು ಹುಳ ಹಿಡಿದು ಪುಡಿಯಾಗಿ ಇಲಿ ಉಚ್ಚೆಯ ವಾಸನೆ ಹೊಡೆಯುತ್ತಿತ್ತಂತೆ, ನೀರು ಹಳದಿ ಬಣ್ಣಕ್ಕೆ ತಿರುಗಿತ್ತಂತೆ. ಹಗ್ಗ ಸವೆಯದಂತೆ ಪಟದ ಮರಕ್ಕೆ ಸುತ್ತಿದ್ದ ಎತ್ತಿನ ತೊಗಲನ್ನು ಬಿಚ್ಚಿ, ನಾಲ್ಕೈದು ದಿನ ಸಮುದ್ರದ ನೀರಲ್ಲಿ ನೆನೆಹಾಕಿ, ಕೆಂಡದ ಮೇಲಿಟ್ಟು ತಿಂದರು. ಒಂದು ಇಲಿಗೆ ಅರ್ಧ ಚಿನ್ನದ ನಾಣ್ಯ ಕೊಡುತ್ತೇನೆಂದರೂ ಸಿಗುತ್ತಿರಲಿಲ್ಲ. ಒಸಡು ಊದಿ, ಹಲ್ಲು ಮುಚ್ಚಿಹೋಗಿ, ಇದ್ದದ್ದನ್ನೂ ಅಗಿಯಲಾಗದೆ ಜನ ಸತ್ತರು. ಸಿ ವಿಟಮಿನ್ ಸಿಗದೆ ಬರುವ ಸ್ಕರ್ವಿ ಅದು.

ಇಷ್ಟೆಲ್ಲ ದಾಟಿ ಬಂದವನು ಮಕ್ತಾನ್‌ನಲ್ಲಿ ಸತ್ತ ರೀತಿ ನೋಡಿ. ಪಕ್ಕದ ಸೆಬು ದ್ವೀಪದ ರಾಜ ಹುಮಾಬೊನ್ ಕ್ರೈಸ್ತನಾಗಿದ್ದ. ಅವನಿಗೆ ತಲೆಬಾಗದ ಲಾಪುಲಾಪು ಅನ್ನುವ ನಾಯಕನಿಗೆ ಬುದ್ಧಿ ಕಲಿಸುತ್ತೇನೆ ಅಂತ ಮೆಗಲನ್ ಮೇಲೆಬಿದ್ದು ಹೋದ. ಮಕ್ತಾನ್‌ನ ಇನ್ನೊಬ್ಬ ನಾಯಕ ಒಂದು ದೋಣಿ ತುಂಬ ಜನ ಕಳಿಸಿ ಅಂತ ಕೇಳಿದ್ದನಷ್ಟೆ, ತಾನೇ ಹೋಗುವುದು ಬೇಡ ಅಂತ ಅವನ ಜನರೇ ಅಂದಿದ್ದರು. ದಂಡೆಯ ಹತ್ತಿರ ನೀರು ಕಡಿಮೆ, ಬರೀ ಬಂಡೆ. ದೋಣಿ ದೂರದಲ್ಲೇ ನಿಂತಿತು, ಅದರಲ್ಲಿದ್ದ ತೋಪಿನ ಗುಂಡು ದಂಡೆ ಮುಟ್ಟಲಿಲ್ಲ. 49 ಜನ ತೊಡೆಮಟ್ಟ ನೀರಲ್ಲಿ ನಡೆದುಕೊಂಡು ಹೋದರು. ಎದುರಿಗೆ 1,500 ಜನ ಇದ್ದರು ಅನ್ನುತ್ತಾನೆ ಪಿಗಾಫೆಟ್ಟಾ. ಸ್ವಲ್ಪ ಉಬ್ಬಿಸಿರಬಹುದು ಬಿಡಿ. ಎದೆಗೆ ಕವಚ ಇದೆ, ಕಾಲಿಗಿಲ್ಲ ಅಂತ ಗೊತ್ತಾದ ಕೂಡಲೇ ಲಾಪುಲಾಪು ಕಡೆಯವರು ಕಾಲಿಗೇ ಗುರಿಯಿಟ್ಟರು. ಹೆಣವನ್ನು ಕೇಳಿದರೂ ಕೊಡಲಿಲ್ಲ. ಇವತ್ತು ಲಾಪುಲಾಪು ಫಿಲಿಪ್ಪೀನ್ಸಿನ ರಾಷ್ಟ್ರವೀರ. ಮಕ್ತಾನ್‌ನಲ್ಲಿ ಅವನ ಪ್ರತಿಮೆಯೂ ಮೆಗಲನ್‌ನ ಸ್ಮಾರಕವೂ ಒಂದೇ ಆವರಣದಲ್ಲಿವೆ.

ಈಗ ಎಲ್ಕಾನೊ ಕಥೆಗೆ ಬರೋಣ. ಜನ ಸಾಲದೆ ಒಂದು ಹಡಗನ್ನು ತಾವೇ ಸುಟ್ಟರು. ಉಳಿದೆರಡು 1521ರ ನವೆಂಬರ್‌ನಲ್ಲಿ ಮಲುಕ್ಕಿನ ತಿದೋರೆಗೆ ಮುಟ್ಟಿ ಲವಂಗ ತುಂಬಿಕೊಂಡವು. ಹೊರಡುವ ಹೊತ್ತಿಗೆ ಟ್ರಿನಿಡಾಡ್ ಹಡಗು ಸೋರತೊಡಗಿತು. ಎಲ್ಕಾನೊ ಕಾಯಲಿಲ್ಲ. ವಿಕ್ಟೋರಿಯಾ ಹಡಗು ಹತ್ತಿ, ಬೇಡ ಅಂದಿದ್ದ ಪೋರ್ಚುಗಲ್‌ನ ದಾರಿಯನ್ನೇ ಹಿಡಿದ. ಪೋರ್ಚುಗೀಸರ ಯಾವ ಬಂದರಿಗೂ ಹೋಗದೆ, ಸಿಕ್ಕಿಬೀಳದಂತೆ ಹಿಂದೂ ಮಹಾಸಾಗರದ ದಕ್ಷಿಣದಲ್ಲೇ ಸಾಗಿ ಗುಡ್‌ಹೋಪ್ ಭೂಶಿರ ಬಳಸಿದ. ಭೂಮಿ ಸುತ್ತಿದ್ದಕ್ಕೆ ಕಾರಣ ಇದೇ: ಸೋರುವ ಹಡಗು, ಜೊತೆಗೆ ರಾಜನ ಅಪ್ಪಣೆ ಮೀರುವ ಧೈರ್ಯ.

ಆಫ್ರಿಕಾದ ಪಶ್ಚಿಮಕ್ಕಿರುವ, ಪೋರ್ಚುಗೀಸರ ಕೈಯಲ್ಲಿದ್ದ ಕೇಪ್ ವರ್ಡ್ ದ್ವೀಪದಲ್ಲಿ ಒಂದು ತಮಾಷೆ ನಡೆಯಿತು. ಹಸಿವು ತಡೆಯಲಾರದೆ ಅಲ್ಲಿ ನಿಂತು, ಅಮೆರಿಕದಿಂದ ಬರುತ್ತಿದ್ದೇವೆ ಅಂತ ಸುಳ್ಳು ಹೇಳಿ ಅಕ್ಕಿ ಕೊಂಡರು. ಇವತ್ತು ಯಾವ ವಾರ ಅಂತ ಕೇಳಿದರೆ ಗುರುವಾರ ಅಂದರು. ಹಡಗಿನ ಲೆಕ್ಕದಲ್ಲಿ ಬುಧವಾರ! ಒಂದು ದಿನವೂ ತಪ್ಪದೆ ಬರೆದಿದ್ದೇನಲ್ಲ ಅಂತ ಪಿಗಾಫೆಟ್ಟಾನಿಗೆ ತಲೆಕೆಟ್ಟಿತು. ಅವನ ಲೆಕ್ಕ ಸರಿಯಾಗಿಯೇ ಇತ್ತು. ಸೂರ್ಯ ಹೋಗುವ ದಿಕ್ಕಿನಲ್ಲೇ ಇಡೀ ಭೂಮಿ ಸುತ್ತಿದರೆ, ಊರಲ್ಲೇ ಕೂತವರಿಗಿಂತ ಒಂದು ಸೂರ್ಯೋದಯ ಕಡಿಮೆ ಸಿಗುತ್ತದೆ. ಇಂಥದ್ದು ಯುರೋಪಿನವರ ಅನುಭವಕ್ಕೆ ಬಂದದ್ದು ಅದೇ ಮೊದಲು. ಅಷ್ಟರಲ್ಲಿ ಯಾರೋ ಲವಂಗ ಕೊಟ್ಟು ಸಾಮಾನು ಕೊಳ್ಳಲು ಹೋಗಿ ಗುಟ್ಟು ಬಯಲಾಯಿತು. 13 ಜನರನ್ನು ದಂಡೆಯಲ್ಲೇ ಬಿಟ್ಟು ಹಡಗು ಓಡಬೇಕಾಯಿತು. 1522ರ ಸೆಪ್ಟೆಂಬರ್ 6ರಂದು ಸ್ಪೇನ್ ಮುಟ್ಟಿದ ಯುರೋಪಿಯನ್ನರು 18 ಮಂದಿ. ರಾಜ ಎಲ್ಕಾನೊಗೆ ಭೂಗೋಲದ ಚಿತ್ರವಿದ್ದ ಲಾಂಛನ ಕೊಟ್ಟ. “ನನ್ನನ್ನು ಮೊದಲು ಸುತ್ತಿದವನು ನೀನು” ಅಂತ ಅದರ ಮೇಲೆ ಲ್ಯಾಟಿನ್‌ನಲ್ಲಿ ಬರೆದಿತ್ತು.

ಎನ್ರಿಕ್ ಹೆಸರೂ ಕೇಳಿರುತ್ತೀರಿ. ಮಲಕ್ಕಾದಲ್ಲಿ ಮೆಗಲನ್‌ಗೆ ಸಿಕ್ಕ ಗುಲಾಮ, ದುಭಾಷಿಯಾಗಿ ಜೊತೆಗಿದ್ದ. ತಾನು ಸತ್ತರೆ ಇವನನ್ನು ಬಿಡುಗಡೆ ಮಾಡಿ ಅಂತ ಮೆಗಲನ್ ಉಯಿಲು ಬರೆದಿದ್ದ, ಉಳಿದವರು ಒಪ್ಪಲಿಲ್ಲ. ಕೆಲವೇ ದಿನದಲ್ಲಿ ಸೆಬುವಿನ ಔತಣದಲ್ಲಿ ಸ್ಪೇನಿನವರ ಕೊಲೆಯಾಯಿತು, ಅಲ್ಲಿಗೆ ದಾಖಲೆಯಲ್ಲಿ ಎನ್ರಿಕ್ ಸುದ್ದಿ ನಿಲ್ಲುತ್ತದೆ. ಅಲ್ಲಿಂದ ಮಲಕ್ಕಾಗೆ ಉಳಿದಿದ್ದದ್ದು ಸುಮಾರು 2,500 ಕಿ.ಮೀ. ಊರಿಗೆ ಮರಳಿದ್ದರೆ ಭೂಮಿ ಸುತ್ತಿದ ಮೊದಲಿಗ ಅವನೇ. ಆದರೆ ಮರಳಿದ ಅನ್ನುವುದಕ್ಕೆ ಸಾಕ್ಷಿ ಇಲ್ಲ, ಹಾಗಾಗಿ ಖಡಾಖಂಡಿತ ಹೇಳುವವರನ್ನು ನಂಬಬೇಡಿ.

ಸೋರುತ್ತಿದ್ದ ಟ್ರಿನಿಡಾಡ್ ಏನಾಯಿತು? ರಿಪೇರಿ ಮಾಡಿಕೊಂಡು, ಮೆಗಲನ್ ಅಂದುಕೊಂಡಿದ್ದಂತೆ ಪೆಸಿಫಿಕ್ ಮೇಲೆಯೇ ಪೂರ್ವಕ್ಕೆ ಹೊರಟಿತು. ಎದುರುಗಾಳಿ. ತಿಂಗಳುಗಟ್ಟಲೆ ಒದ್ದಾಡಿ ಹಿಂದಿರುಗಿದವರು ಪೋರ್ಚುಗೀಸರ ಕೈಗೆ ಸಿಕ್ಕರು. ಮಲಕ್ಕಾ, ಕೊಚ್ಚಿ ಅಂತ ಸೆರೆಯಲ್ಲೇ ದಿನ ಕಳೆದು, ಕ್ಯಾಪ್ಟನ್ ಎಸ್ಪಿನೋಸಾ ಮತ್ತು ಕೆಲವೇ ಕೆಲವರು ವರ್ಷಗಳ ನಂತರ ಯುರೋಪ್ ಸೇರಿದರು. ಲೆಕ್ಕಕ್ಕೆ ಅವರೂ ಭೂಮಿ ಸುತ್ತಿದವರೇ. ಎಲ್ಕಾನೊ 1525ರಲ್ಲಿ ಮತ್ತೆ ಅದೇ ಕಡೆ ಹೊರಟು, 1526ರಲ್ಲಿ ಪೆಸಿಫಿಕ್ ನಡುವೆ ಸತ್ತ. ಆ ಯಾತ್ರೆಯಲ್ಲಿ ಅವನ ಜೊತೆ ಉರ್ದಾನೆಟಾ ಅನ್ನುವ ಹುಡುಗನೊಬ್ಬ ಇದ್ದ. 1565ರಲ್ಲಿ, ಪಾದ್ರಿಯಾಗಿದ್ದ ಇದೇ ಉರ್ದಾನೆಟಾ, ಫಿಲಿಪ್ಪೀನ್ಸಿನಿಂದ ಹೊರಟು, ಉತ್ತರಕ್ಕೆ ಏರಿ ಪಶ್ಚಿಮದಿಂದ ಬೀಸುವ ಗಾಳಿ ಹಿಡಿದು ಮೆಕ್ಸಿಕೊ ತಲುಪಿದ. ಆ ವಾಪಸ್ ದಾರಿಯಲ್ಲಿ ಮನಿಲಾದಿಂದ ಅಕಪುಲ್ಕೊಗೆ ವ್ಯಾಪಾರದ ಹಡಗುಗಳು 1815ರವರೆಗೂ ಓಡಿದವು.